ಸೊರಬದ ಮನೆಯಲ್ಲಿ ಸೌಂಡಿನ ಅಂಕಿ ಅಳಿಸಿದ್ದು

ಸ್ಮಾರ್ಟ್ ಟಿ.ವಿ. ಮಾರುವವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಿಲ್ಲ, ಮಾರಿದ ಮನೆಗಳಿಂದಲೇ ಫೋನು ಬರುತ್ತಿರುತ್ತದೆ. ಶಿಕಾರಿಪುರದಲ್ಲಿ ನನ್ನದೊಂದು ಅಂಗಡಿ. ಈಚೆಗೆ ಎಲ್ಲರ ದೂರೂ ಒಂದೇ: ಸೌಂಡು ಏರಿಸಿದರೂ ಇಳಿಸಿದರೂ ಪರದೆಯ ಕೆಳಗೆ ಅಂಕಿ ಸಮೇತ ಮೂಡುವ ಆ ವಾಲ್ಯೂಮ್ ಪಟ್ಟಿ.

ಮೊನ್ನೆ ಬೆಳಿಗ್ಗೆ ಸೊರಬದ ನಿವೃತ್ತ ಕಂಡಕ್ಟರ್ ಒಬ್ಬರು ಫೋನಿನಲ್ಲೇ ಕೂಗಿದರು. "ಆ ಅಂಕಿ ತೆಗೆದುಹಾಕಿ ಮಾರಾಯ್ರೆ! ನಮ್ಮನೆಯವಳು ನಾಮಕರಣಕ್ಕೆ ಅಂತ ಕುಬಟೂರಿಗೆ ಹೋಗಿದಾಳೆ. ಸಂಜೆ ಬಸ್ಸಿಗೆ ಬರೋದ್ರೊಳಗೆ ಆಗ್ಬೇಕು."

"ಅಂಥಾ ಅರ್ಜೆಂಟ್ ಏನ್ ಸಾರ್?"

"ನಲವತ್ತು ಅಂತ ಕಂಡ್ರೆ ಸಾಕು, ಕಿವಿ ಹೋಗಿದೆ, ಡಾಕ್ಟ್ರ ಹತ್ರ ನಡೀರಿ ಅಂತ ಹಿಡ್ಕೊಳ್ತಾಳೆ. ನನ್ನ ಕಿವಿಗೆ ಏನಾಗಿದೆ?"

"ಏನೂ ಆಗಿಲ್ಲ ಬಿಡಿ" ಎಂದೆ.

"ಹಾಂ? ಏನಂದ್ರಿ?" ಎಂದರು.

ಪಾಪ ಅನ್ನಿಸಿ ಕೂಡಲೇ ಹೊರಟೆ.

ರಬ್ಬರ್ ಬ್ಯಾಂಡು

ಅಂಗಡಿ ದಾಟುವುದರೊಳಗೆ ಪಕ್ಕದ ಬೀದಿಯ ಅಮ್ಮನೊಬ್ಬರು ಅಡ್ಡಹಾಕಿದರು. "ಎಂಥಾ ಟಿ.ವಿ. ಕೊಟ್ರೀ? ಆ ಪಟ್ಟಿ ಹೋಗವಲ್ದು, ಧ್ವನಿ ನೋಡಿದ್ರ ಸೊನ್ನಿಗೆ ಬಂದು ಕುಂತೈತಿ!"

ಒಳಗೆ ಹೋಗಿ ನೋಡಿದೆ. ರಿಮೋಟು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ಕವರು ಜಾರದಿರಲಿ ಎಂದು ಬಿಗಿದ ರಬ್ಬರ್ ಬ್ಯಾಂಡು ಸೌಂಡು ಇಳಿಸುವ ಗುಂಡಿಯನ್ನೇ ಒತ್ತಿ ಹಿಡಿದಿತ್ತು. ಬ್ಯಾಂಡು ತೆಗೆದೆ, ಪಟ್ಟಿ ಮಾಯವಾಯಿತು.

"ಇನ್ನು ಕವರ್ ಬೇಡ ಅಮ್ಮಾ" ಎಂದೆ.

ಆಕೆ ರಿಮೋಟನ್ನು ನನ್ನ ಕೈಯಿಂದ ಕಿತ್ತುಕೊಂಡರು. "ಬೇಕಾದ್ರ ಟಿ.ವಿ. ವಾಪಸ್ ಒಯ್ರಿ. ಕವರ್ ಮಾತ್ರ ತಗಿಯಂಗಿಲ್ಲ!"

ಕರಿ ಟೇಪು

ಬಳ್ಳಿಗಾವಿಯ ಗಿರಾಕಿಯೊಬ್ಬರ ಮನೆಯೂ ದಾರಿಯಲ್ಲೇ ಇತ್ತು. ಅವರು ಕ್ರಿಕೆಟ್ ಹುಚ್ಚಿನವರು. ಪಟ್ಟಿ ಕಾಟ ಕೊಡುತ್ತದೆಂದು ನನಗೂ ಕಾಯದೆ, ಅದು ಬರುವ ಜಾಗಕ್ಕೆ ಕರೆಂಟ್ ಕೆಲಸದ ಕರಿ ಟೇಪನ್ನು ಅಂಟಿಸಿಬಿಟ್ಟಿದ್ದರು.

"ಪಟ್ಟಿ ಕಾಣ್ತಿಲ್ಲವಲ್ಲ, ಮತ್ತೇನು?" ಎಂದೆ.

"ಸ್ಕೋರೂ ಅದರ ಅಡಿಗೇ ಹೋಗೈತ್ರೀ. ಅದೊಂದು ಸ್ವಲ್ಪ ಮ್ಯಾಲೆ ಹಾಕಿಕೊಡ್ರಿ."

ಸೆಟ್ಟಿಂಗ್ಸಿಗೆ ಹೋಗಿ ಪಟ್ಟಿಯನ್ನು ಆಫ್ ಮಾಡಿಕೊಟ್ಟೆ. ಟೇಪು ಕೀಳಲು ಮಾತ್ರ ಅವರಿಗೆ ಮನಸ್ಸಾಗಲಿಲ್ಲ. "ಇರ್ಲಿ ಬಿಡ್ರಿ, ಪಟ್ಟಿ ಮತ್ತ ಬಂದ್ರ?" ಎಂದರು.

ಸಂಜೆ ಬಸ್ಸು

ಹೀಗೆ ಸೊರಬ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಕಂಡಕ್ಟರ್ ಗೇಟಿನಲ್ಲೇ ನಿಂತು ರಸ್ತೆ ಕಾಯುತ್ತಿದ್ದರು. ನಾನು ಸೆಟ್ಟಿಂಗ್ಸ್ ಹುಡುಕುತ್ತಿದ್ದಷ್ಟು ಹೊತ್ತೂ ಕಿಟಕಿ ಬಿಟ್ಟು ಕದಲಲಿಲ್ಲ. ಕೊನೆಗೂ ಪಟ್ಟಿ ಆಫ್ ಆಯಿತು. ಅವರು ಸೌಂಡು ಏರಿಸಿ ನೋಡಿದರು, ಅಂಕಿ ಬರಲಿಲ್ಲ. "ರೈಟ್!" ಎಂದು ಹಳೆಯ ಅಭ್ಯಾಸದಲ್ಲಿ ಗೋಡೆ ತಟ್ಟಿದರು.

ಅಷ್ಟರಲ್ಲಿ ಅವರ ಹೆಂಡತಿ ಬಂದೇಬಿಟ್ಟರು. ವಾರ್ತೆ ಓದುವವಳ ಧ್ವನಿಗೆ ಕಿಟಕಿಯ ಗಾಜು ಅದುರುತ್ತಿತ್ತು. ಆಕೆ ಚೀಲ ಇಳಿಸಿ, ಪರದೆಯ ಕೆಳಭಾಗವನ್ನೇ ದಿಟ್ಟಿಸಿದರು. ಅಂಕಿ ಇಲ್ಲ. ಸೀದಾ ಒಳಗೆ ಹೋದರು. ಕಂಡಕ್ಟರ್ ನನ್ನತ್ತ ನೋಡಿ ಕಣ್ಣು ಹೊಡೆದರು. ಬದುಕಿದೆಯಾ ಬಡಜೀವವೇ ಎಂದು ನಾನೂ ಚೀಲ ಎತ್ತಿಕೊಂಡೆ.

ಗೇಟಿನ ಹತ್ತಿರ ಆಕೆ ಹಿಂದಿನಿಂದ ಬಂದು ನನ್ನನ್ನು ನಿಲ್ಲಿಸಿದರು.

"ಅಲ್ರೀ, ಆ ಅಂಕಿ ಯಾಕೆ ತೆಗೆದ್ರಿ?"

"ಅವರೇ ಕೇಳಿದ್ರಮ್ಮ. ಸೌಂಡು ಜೋರಾದ್ರೆ ನಿಮಗೆ ಹೇಗೂ ಕೇಳ್ಸುತ್ತಲ್ಲ?"

ಆಕೆಯ ಮುಖ ಸಣ್ಣದಾಯಿತು. ನನ್ನ ತುಟಿಯನ್ನೇ ನೋಡುತ್ತಾ ಅಂದರು: "ನಂಗೆಲ್ಲಿ ಕೇಳ್ಸುತ್ತೆ? ಅಂಕಿ ನೋಡ್ಕೊಂಡೇ ಬೈತಿದ್ದೆ. ಅವರನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗೋ ನೆಪದಲ್ಲಿ ನಂದೂ ತೋರಿಸ್ಕೋಬೇಕು ಅಂತಿತ್ತು. ಅಂಕೀನೇ ಇಲ್ಲದ್ಮೇಲೆ ಇನ್ನು ಏನಂತ ಹೊರಡಿಸ್ಲಿ?"

ನನಗೆ ನಗುವೂ ಬಂತು, ಸಂಕಟವೂ ಆಯಿತು. ಸುಮ್ಮನೆ ಒಳಗೆ ಹೋಗಿ, ಏನೋ ಮರೆತವನ ಹಾಗೆ ರಿಮೋಟು ಎತ್ತಿಕೊಂಡು ಪಟ್ಟಿಯನ್ನು ಮತ್ತೆ ಆನ್ ಮಾಡಿ ಬಂದೆ.

"ನಂದೂ ಕಿವಿ ಹೋಗಿದ್ದು ಅವರಿಗೆ ಗೊತ್ತಾಗೋದು ಬೇಡ ಆಯ್ತಾ?" ಎಂದು ಆಕೆ ಗೇಟಿನಲ್ಲಿ ನನಗೆ ಪಿಸುಗುಟ್ಟಿದರು. ಅದನ್ನು ಕೇಳಿ ಎದುರುಮನೆಯವರು ಹೊರಗೆ ಬಂದು ನೋಡಿದರು. ಒಳಗೆ ಕೂತಿದ್ದ ಕಂಡಕ್ಟರ್ ಮಾತ್ರ ತಿರುಗಿಯೂ ನೋಡಲಿಲ್ಲ.