ಕೀಬೋರ್ಡಿಗೆ ಎಣ್ಣೆ, ಮೌಸಿಗೆ ಅಂಗಿ

ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಅಜ್ಜಿಗೆ ಬಿಚ್ಚಲಾಗದ ಯಂತ್ರವೆಂಬುದು ಭೂಮಂಡಲದಲ್ಲೇ ಇರಲಿಲ್ಲ. ಬಿಚ್ಚಿ ಜೋಡಿಸಿದ ಮೇಲೆ ಒಂದು ಸ್ಕ್ರೂ ಕೂಡ ಉಳಿಸಿದವಳಲ್ಲ!

ಮೊಮ್ಮಗಳು ಕಂಪ್ಯೂಟರ್ ಆಟಕ್ಕೆಂದೇ ಹೊಸ ಕೀಬೋರ್ಡು, ಮೌಸು ತಂದು ಮೇಜಿನ ಮೇಲೆ ಜೋಡಿಸಿದಳು. "ಅಜ್ಜಿ, ಸಂಜೆ ಐದಕ್ಕೆ ಪಂದ್ಯ ಇದೆ. ಗೆದ್ರೆ ಮಾತ್ರ ಕಾಲೇಜಿನ ತಂಡದಲ್ಲಿ ನನಗೆ ಜಾಗ. ಇದನ್ನ ಮುಟ್ಬೇಡ" ಎಂದು ಹೇಳಿ ಹೋದಳು. ಕೊನೆಯ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಅಜ್ಜಿಯ ಕಿವಿಗೆ ಸ್ಪಷ್ಟವಾಗಿ ಬಿತ್ತು.

ಮಗುವಿನ ಜಾಗದ ಪ್ರಶ್ನೆ! ಒಂದು ಕೀ ಒತ್ತಿ ನೋಡಿದಳು. ಟಕ್! ಇನ್ನೊಂದು. ಟಕ್!

"ಅಯ್ಯೋ ಪಾಪ, ಸದ್ದು ಮಾಡೋ ಯಂತ್ರ ಎಣ್ಣೆ ಕೇಳ್ತಿದೆ ಅಂತ್ಲೇ ಅರ್ಥ!"

ಕೀಬೋರ್ಡಿನ ಡಬ್ಬಿಯಲ್ಲೇ ಕೀ ಕೀಳುವ ಪುಟ್ಟ ಇಕ್ಕಳವಿತ್ತು. ನೂರಾನಾಲ್ಕು ಕೀಗಳನ್ನೂ ಕಿತ್ತು, ಹಳೆಯ ಸೀರೆಯ ಮೇಲೆ ಸಾಲಾಗಿ ಇಟ್ಟು, ಯಾವುದು ಎಲ್ಲಿಯದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಒಂದೊಂದು ಗುಳಿಗೂ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ತೊಟ್ಟು. ಆಟದಲ್ಲಿ ಮುಂದಕ್ಕೆ ಓಡಿಸುವ ಕೀಗೇ ದುಡಿಮೆ ಜಾಸ್ತಿ ಎಂದು ಮೊಮ್ಮಗಳು ಹೇಳಿದ್ದು ನೆನಪಿತ್ತು. ಅದಕ್ಕೆ ಮೂರು!

ಕೀಗಳನ್ನೆಲ್ಲ ಅದದರ ಜಾಗದಲ್ಲಿ ಮತ್ತೆ ಕೂರಿಸಿದ ಮೇಲೆ ಮೌಸು. ಮೈಯೆಲ್ಲ ತೂತು! ಹಗುರವಾಗಿರಲೆಂದು ಮಾಡಿದವರೇ ಬಿಟ್ಟ ತೂತುಗಳು ಅವು ಎಂದು ಅಜ್ಜಿಗೆ ಹೇಳುವವರು ಯಾರು?

"ಹೊಸದಕ್ಕೇ ಹುಳ ಹೊಡ್ದಿದೆ!"

ಮೆತ್ತನೆಯ ಬಟ್ಟೆಯಲ್ಲಿ ಒಂದು ಅಂಗಿ ಸಿದ್ಧವಾಯಿತು. ಹೆಬ್ಬೆರಳಿನ ಪಕ್ಕದ ಎರಡು ಗುಂಡಿಗಳಿಗೆ ಎರಡು ಕಾಜ. ಹೊಟ್ಟೆಗೆ ಥಂಡಿಯಾಗದಂತೆ, ಅಡಿಯಲ್ಲಿ ಮಿಣುಕುವ ಕೆಂಪು ಕಣ್ಣೂ ಸೇರಿ, ಕೆಳಗೂ ಮುಚ್ಚಿ ಹೊಲಿಗೆ.

ಐದಕ್ಕೆ ಎರಡೇ ನಿಮಿಷವಿರುವಾಗ ಮೊಮ್ಮಗಳು ಓಡಿಬಂದಳು.

"ಅಜ್ಜೀ! ಏನಿದು ಮೌಸಿಗೆ?"

"ಅಂಗಿ."

"ಕತ್ತರಿ ಕೊಡು, ಬೇಗ!"

"ಬಿಚ್ಚೋಕಾಗಲ್ಲ ಕಣೇ. ಮೂರು ಸುತ್ತು ಹೊಲಿಗೆ ಹಾಕಿದ್ದೀನಿ" ಎಂದಳು ಅಜ್ಜಿ, ಹೆಮ್ಮೆಯಿಂದ.

ಅಷ್ಟರಲ್ಲಿ ಪಂದ್ಯ ಶುರು! ತನ್ನ ಕೋಟೆಯ ಬಾಗಿಲು ಕಾಯುವುದು ಮೊಮ್ಮಗಳ ಕೆಲಸ. ಮುಂದಕ್ಕೆ ಓಡಿಸುವ ಕೀಯನ್ನು ಒಮ್ಮೆ ಒತ್ತಿದಳು. ಎಣ್ಣೆ ಕುಡಿದ ಕೀ ಒಳಗೆ ಹೋದದ್ದು ಮೇಲೇಳಲೇ ಇಲ್ಲ. ಪರದೆಯ ಮೇಲಿನ ಕಾವಲುಗಾರ ಬಾಗಿಲು ಬಿಟ್ಟು ಓಟ ಕಿತ್ತ.

ತಂಡದ ನಾಯಕಿಯ ದನಿ ಸ್ಪೀಕರಿನಲ್ಲಿ ಸಿಡಿಯಿತು: "ಏಯ್, ಎಲ್ಲಿಗೇ ಹೊರಟೆ?"

"ನಾನಲ್ವೇ, ಕೀ ಹಿಡ್ಕೊಂಡಿದೆ!"

"ತಿರುಗೇ ಹಿಂದಕ್ಕೆ!"

"ಆಗಲ್ಲ, ಮೌಸು ಅಂಗಿ ಹಾಕ್ಕೊಂಡಿದೆ!"



ಕಾವಲುಗಾರ ನೇರ ವೈರಿಕೋಟೆಗೆ ನುಗ್ಗಿ, ಹಿಂಬಾಗಿಲಿಂದ ಹೊರಬಿದ್ದು, ಬಯಲಿನಲ್ಲಿ ಓಡುತ್ತಲೇ ಇದ್ದ. ಇವನ ಬಳಿ ಏನೋ ಭಾರಿ ಉಪಾಯವಿದೆಯೆಂದು ಬಗೆದ ವೈರಿಗಳು ಐದೂ ಜನ ಬೆನ್ನಟ್ಟಿದರು. ಖಾಲಿ ಕೋಟೆಗೆ ನಾಯಕಿ ಆರಾಮಾಗಿ ನಡೆದುಹೋಗಿ ಬಾವುಟ ನೆಟ್ಟಳು. ಗೆಲುವು! ತಂಡದಲ್ಲಿ ಜಾಗ!

"ನೋಡಿದ್ಯಾ?" ಅಜ್ಜಿಯ ಎದೆ ಮೊಳ ಉಬ್ಬಿತು. "ಎಲ್ಲ ಎಣ್ಣೆಯ ಮಹಿಮೆ!"

"ಅಜ್ಜಿ, ಆ ಟಕ್ ಟಕ್ ಸದ್ದಿಗೋಸ್ಕರಾನೇ ಹತ್ತು ಅಂಗಡಿ ಸುತ್ತಿ ತಂದಿದ್ದೆ!"

"ಸದ್ದು ಬೇಕು ಅಂತ ಯಾರಾದ್ರೂ ಯಂತ್ರ ತರ್ತಾರೇನೇ?"

ಮೊಮ್ಮಗಳು ಮೂಲೆಯ ಹೊಲಿಗೆ ಯಂತ್ರದ ಕಡೆ ನೋಡಿ ನಕ್ಕಳು. ಅಲ್ಲೇ ಅಜ್ಜಿಗೆ ಅನುಮಾನ ಬರಬೇಕಿತ್ತು.

ಮರುದಿನ ಬೆಳಿಗ್ಗೆ ಹೊಲಿಗೆ ಯಂತ್ರದ ಹೊದಿಕೆ ತೆಗೆದರೆ, ಜಗ್ಗನೆ ಬೆಳಕು! ಯಂತ್ರದ ಕತ್ತಿನಿಂದ ಸೂಜಿಯವರೆಗೆ ಕೆಂಪು, ನೀಲಿ, ಹಸಿರು ದೀಪಗಳ ಮಾಲೆ ಕುಣಿಯುತ್ತಿತ್ತು.

"ಯಾರನ್ನ ಕೇಳಿ ಮುಟ್ಟಿದೆ ನನ್ನ ಮೆಷಿನ್ನ?"

"ಪಾಪ ಅಜ್ಜಿ, ಕತ್ತಲಲ್ಲಿ ಕೂತಿತ್ತು. ದೀಪ ಕೇಳ್ತಿದೆ ಅಂತ್ಲೇ ಅರ್ಥ!"

ಬೈಯಲು ಬಾಯಿ ತೆರೆದ ಅಜ್ಜಿ, ಬೈಗುಳ ಹುಡುಕುತ್ತಲೇ ಅಭ್ಯಾಸಬಲದಿಂದ ಸೂಜಿಗೆ ದಾರ ಹಿಡಿದಳು. ಎರಡು ವರ್ಷದಲ್ಲಿ ಮೊದಲ ಸಲ, ದಾರ ಒಂದೇ ಏಟಿಗೆ ಒಳಗೆ ಹೋಯಿತು.

ಬಾಯಿ ತಾನಾಗಿ ಮುಚ್ಚಿಕೊಂಡಿತು. ಎರಡು ಮೊಳ ಹೊಲಿದ ಮೇಲೆ ತಲೆಯೆತ್ತದೆ ಹೇಳಿದಳು:

"ಆ ಹಸಿರು ಮಾತ್ರ ಸ್ವಲ್ಪ ಜಾಸ್ತಿ ಆಯ್ತು ಕಣೇ."