ಹಿಂದಿನ ಬೆಂಚಿನ ಮಾವ

ನಮ್ಮ ಸೋದರಮಾವ ಮದರಾಸಿನ ದೊಡ್ಡ ಕಾಲೇಜಿನಲ್ಲಿ ಎರಡು ವರ್ಷ ಓದಿದವನು. ಈ ಮಾತಿಗೆ ಮೊಳಕಾಲ್ಮೂರಿನಲ್ಲಿ ಯಾರೂ ನಗುವುದಿಲ್ಲ. ಅವನೇ ಊರಿಗೆಲ್ಲ ಹೇಳಿ ನಂಬಿಸಿಟ್ಟಿದ್ದಾನೆ. ಆದರೆ ನಿಮ್ಮ ಹತ್ತಿರ ನನಗೇಕೆ ಸುಳ್ಳು? ಆ ಎರಡು ವರ್ಷದಲ್ಲಿ ಒಂದು ದಿನವಾದರೂ ಅವನು ಆ ಕಾಲೇಜಿನ ವಿದ್ಯಾರ್ಥಿಯಾಗಿರಲಿಲ್ಲ! ಇಂಗ್ಲಿಷ್ ಪುಸ್ತಕವನ್ನು ಕೈಗೆ ಕೊಟ್ಟರೆ ಅದರ ತಲೆ ಯಾವುದು, ಕಾಲು ಯಾವುದು ಎಂದು ಚಿತ್ರ ನೋಡಿಯೇ ತೀರ್ಮಾನಿಸಬೇಕಾಗಿತ್ತು. ಆದರೂ ಆ ಕಾಲೇಜಿನ ಪುಸ್ತಕಭಂಡಾರ, ಹಾಸ್ಟೆಲಿನ ನಲ್ಲಿ, ಊಟದ ಮನೆ, ಪಾಠದ ಕೊಠಡಿ, ಇವನ್ನೆಲ್ಲ ಅವನಷ್ಟು ಮನಸಾರೆ ಅನುಭವಿಸಿದ ಮತ್ತೊಬ್ಬನನ್ನು ನಾನು ಕಾಣೆ. ಫೀಜು ಕಟ್ಟಿ ಹೆಸರು ಬರೆಸಿದ್ದ ನಾನು ಅವನ ಮುಂದೆ ಬರೀ ಬಂದುಹೋಗುವ ನೆಂಟ!

ಮಾವ ನನ್ನ ಅವ್ವನ ಅಣ್ಣ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವನು. ಮಗ್ಗಕ್ಕೆ ಕೂತರೆ ಅವನ ಕೈ ನಿಲ್ಲುತ್ತಿರಲಿಲ್ಲ, ಎದ್ದರೆ ಬಾಯಿ ನಿಲ್ಲುತ್ತಿರಲಿಲ್ಲ. ನಲವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಕೇಳಿದವರಿಗೆ, ‘ಹತ್ತು ಮದುವೆಗೆ ಸೀರೆ ನೇಯೋ ಹೊತ್ತಿಗೆ ನನ್ನ ಮದುವೆ ಮರ್ತೇಹೋತು’ ಎನ್ನುತ್ತಿದ್ದ.

ನಾನು ಮೆಟ್ರಿಕ್ಯುಲೇಷನ್ ಪಾಸಾಗಿ ಎರಡು ವರ್ಷದ ಎಫ್.ಎ. ಓದಲು ಮದರಾಸಿಗೆ ಹೊರಟು ನಿಂತಾಗ ಅವ್ವ ಅಳುವುದಕ್ಕೆ ಶುರು ಮಾಡಿದಳು.

‘ಅಲ್ಲಿ ಸಮುದ್ರ ಐತಂತಲ್ಲಣ್ಣ! ಇವನಿಗೆ ಈಜು ಬರಲ್ಲ!’

‘ನಮ್ಮ ತಾಲ್ಲೂಕಿನಾಗೆ ಯಾರಿಗೆ ಬರ್ತೈತೆ? ಈಜೋಕೆ ಮೊದಲು ನೀರಿರಬೇಕಲ್ಲ! ಸುಮ್ನಿರು, ನಾನೇ ಹೋಗಿ ಬಿಟ್ಟು, ಎಂಟು ದಿನದಾಗೆ ಬರ್ತೀನಿ.’

ರಾಯದುರ್ಗದವರೆಗೆ ಎತ್ತಿನ ಗಾಡಿ, ಅಲ್ಲಿಂದ ರೈಲು. ಬಳ್ಳಾರಿ, ಗುಂತಕಲ್ಲು ದಾಟಿ ಮದರಾಸು ಸೇರಿದೆವು. ಮಾವ ಹೇಳಿದ್ದ ಆ ಎಂಟು ದಿನ ಎರಡು ವರ್ಷ ನಡೆಯಿತು! ಪ್ರತಿ ತಿಂಗಳೂ ‘ಇನ್ನೆಂಟು ದಿನದಲ್ಲಿ ಹೊರಡುತ್ತೇನೆ’ ಎಂದು ಕಾಗದ ಬರೆಯುತ್ತಿದ್ದ. ಕಡೆಕಡೆಗೆ ಅವ್ವ ಬೀದಿಯವರಿಗೆಲ್ಲ, ‘ಮದರಾಸಿನಾಗೆ ವಾರಕ್ಕೆ ದಿನ ಜಾಸ್ತಿ ಅಂತ ಕಾಣ್ತೈತೆ ಕಣ್ರವ್ವ’ ಎನ್ನತೊಡಗಿದಳಂತೆ.

ಅವನು ಉಳಿದದ್ದಾದರೂ ಯಾಕೆ? ಮೊದಲ ದಿನ ಕಾಲೇಜಿನ ಬಾಗಿಲಲ್ಲಿ ಮೆಟ್ಟು ಬಿಟ್ಟು, ಬರಿಗಾಲಲ್ಲಿ ಒಳಗೆ ನಡೆದ.

‘ಮಾವ, ಇದು ಗುಡಿಯಲ್ಲ.’

‘ಗೊತ್ತು ಬಿಡಲೇ. ಗುಡಿಯಾಗಿದ್ರೆ ಇಷ್ಟೊಂದು ಕಿಟಕಿ ಇಡ್ತಿರಲಿಲ್ಲ.’

ಕೊಠಡಿ ಕೊಠಡಿಗೂ ಇಣುಕಿದ. ಸಾಲು ಸಾಲು ಬೆಂಚು, ಗೋಡೆಯುದ್ದಕ್ಕೆ ಕಪ್ಪು ಹಲಗೆ, ಗಾಜಿನ ಬೀರುವಿನಲ್ಲಿ ಮನುಷ್ಯನ ಎಲುಬು! ಸಂಜೆಗೆ ನಿರ್ಧಾರವಾಗಿತ್ತು. ತೆಲುಗು ಮಾತಾಡುವ ನೇಕಾರರ ಬೀದಿಯೊಂದನ್ನು ಹುಡುಕಿ, ಗಡಿಯೂರಿನ ತನ್ನ ತೆಲುಗಿನಿಂದಲೇ ಅವರನ್ನು ಒಲಿಸಿಕೊಂಡು, ಒಂದು ಮಗ್ಗಕ್ಕೆ ಸೇರಿಬಿಟ್ಟ. ಬೆಳಗಿನ ಜಾವದಿಂದ ಒಂಬತ್ತರವರೆಗೆ ನೇಯ್ಗೆ. ಆಮೇಲೆ ಮುಚ್ಚುಕೋಟು ತೊಟ್ಟು, ರುಮಾಲು ಸುತ್ತಿ, ನನಗಿಂತ ಮುಂಚೆ ಕಾಲೇಜಿನಲ್ಲಿ ಹಾಜರು!

ನಾನಿದ್ದ ಹಾಸ್ಟೆಲಿನಲ್ಲಿ ಅವನನ್ನು ಮೊದಲು ಮರುಳುಮಾಡಿದ್ದು ನಲ್ಲಿ. ಅದನ್ನು ತಿರುಗಿಸಿದ, ನೀರು ಬಂತು. ಮತ್ತೆ ತಿರುಗಿಸಿದ, ನಿಂತಿತು. ‘ಹಗ್ಗ ಇಲ್ಲ, ಕೊಡ ಇಲ್ಲ! ಗೋಡೆ ಆ ಕಡೆ ಯಾರೋ ಸೇದ್ತಿರಬೇಕು ಪಾಪ’ ಎಂದ. ಅಂದಿನಿಂದ ನಲ್ಲಿಗಳ ಯಜಮಾನಿಕೆ ಅವನದೇ. ಯಾರಾದರೂ ನೀರು ಬಿಟ್ಟುಕೊಂಡು ಮೈ ಉಜ್ಜುತ್ತಿದ್ದರೆ ಹಿಂದಿನಿಂದ ಹೋಗಿ ನಿಲ್ಲಿಸಿಬಿಡುವುದು. ನನ್ನ ಕೋಣೆಯ ಜೊತೆಗಾರ ತಂಜಾವೂರಿನವನು. ಒಂದು ದಿನ ಮುಖದ ತುಂಬ ಸೋಪು ಹಚ್ಚಿಕೊಂಡು, ಕಣ್ಣು ಮುಚ್ಚಿ, ತಮಿಳಿನಲ್ಲಿ ದೇವರನ್ನು ಕೂಗುತ್ತ ಗೋಡೆ ತಡವುತ್ತಿದ್ದಾನೆ! ಪಕ್ಕದಲ್ಲಿ ನಿಂತು ಮಾವ ಉಪದೇಶ ಮಾಡುತ್ತಿದ್ದಾನೆ:

‘ಮೊದಲು ಉಜ್ಜು ನಾಯ್ನಾ. ಉಜ್ಜೋವಾಗ ನೀರ್ಯಾಕೆ? ನಿಮ್ಮೂರಿಗೆ ಕಾವೇರಿ ಐತೆ. ನಮ್ಮೂರಿನಾಗೆ ಮೋಡ ಐತಾ ಅಂತ ನೋಡೋಕೆ ಗುಡ್ಡ ಹತ್ತಬೇಕು!’

ಆ ಬೇಸಿಗೆಯಲ್ಲಿ ಸುತ್ತಲ ಬೀದಿಗಳಲ್ಲೆಲ್ಲ ನೀರಿನ ತಾಪತ್ರಯವಾದಾಗ ನಮ್ಮ ಹಾಸ್ಟೆಲಿನ ತೊಟ್ಟಿ ಮಾತ್ರ ತುಂಬಿತ್ತು. ಆ ಕೀರ್ತಿಯನ್ನು ವಾರ್ಡನ್ ತಾವೇ ಇಟ್ಟುಕೊಂಡರೆನ್ನಿ.

ಊಟದ ಮನೆಯ ಕಥೆ ಕೇಳಿ. ಮೂರು ಹೊತ್ತೂ ಅನ್ನ ತಿಂದು ನಾನು ಸೊರಗಿದೆನೆಂದು ಅವನಿಗೆ ಅನುಮಾನ. ಊರಿನಿಂದ ಹೊತ್ತು ತಂದಿದ್ದ ರಾಗಿ ಹಿಟ್ಟನ್ನು ಅಡುಗೆಯವನ ಮುಂದಿಟ್ಟು, ಮುದ್ದೆ ತೊಳಸುವುದನ್ನು ತಾನೇ ಕಲಿಸಿದ. ತಂಜಾವೂರಿನವನು ಆಸೆಪಟ್ಟು ಒಂದು ತುತ್ತು ಬಾಯಿಗೆ ಹಾಕಿಕೊಂಡ. ಅಗಿದ. ಅಗಿಯುತ್ತಲೇ ಇದ್ದ. ನಾವೆಲ್ಲ ಕೈ ತೊಳೆದು ಬಂದರೂ ಅಗಿಯುತ್ತಿದ್ದ. ‘ನುಂಗಬೇಕಯ್ಯಾ, ನುಂಗು!’ ಎಂದರೆ ಕಣ್ಣಲ್ಲಿ ನೀರು! ಮಾವ ಅವನ ಬೆನ್ನು ಸವರಿ, ‘ಇರಲಿ ಬಿಡು, ನಮ್ಮ ಹುಡುಗನಿಗೆ ವಿದ್ಯೆ ಹಿಂಗೇ ಗಂಟಲಾಗೆ ನಿಂತೈತೆ’ ಎಂದ.

ಪುಸ್ತಕಭಂಡಾರದಲ್ಲಂತೂ ಅವನ ದರ್ಬಾರೇ ಬೇರೆ. ಅಲ್ಲಿ ಮಾತಾಡಬಾರದೆಂಬ ನಿಯಮವಿತ್ತು. ಮಾವನ ಬಾಯಿ ಮುಚ್ಚಿಸಿದ ನಿಯಮ ಭೂಲೋಕದಲ್ಲಿ ಅದೊಂದೇ. ದಪ್ಪ ಪುಸ್ತಕವೊಂದನ್ನು ತೆರೆದಿಟ್ಟುಕೊಂಡು ಗಂಟೆಗಟ್ಟಲೆ ಕೂರುತ್ತಿದ್ದ. ಇಂಗ್ಲಿಷ್ ಅಕ್ಷರ ಬಾರದಿದ್ದರೇನು, ಹೊಲಿಗೆ ಗೊತ್ತಲ್ಲ! ಬೆನ್ನು ಬಿಟ್ಟ ಪುಸ್ತಕ ಕಂಡರೆ ಜೇಬಿನಿಂದ ಸೂಜಿ, ರೇಷ್ಮೆ ಎಳೆ ತೆಗೆದು ಹೊಲಿದುಬಿಡುತ್ತಿದ್ದ. ಭಂಡಾರ ನೋಡಿಕೊಳ್ಳುತ್ತಿದ್ದ ಮುದುಕರು ಇವನನ್ನು ಮೈಸೂರು ಸೀಮೆಯ ಮಹಾಪಂಡಿತನೆಂದೇ ತಿಳಿದು ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಟ್ಟರು. ಪರೀಕ್ಷೆಯ ಹತ್ತಿರ ನನಗೊಂದು ಪುಸ್ತಕ ತುರ್ತಾಗಿ ಬೇಕಾಯಿತು. ಮುದುಕರು ಕೈಸನ್ನೆಯಲ್ಲೇ ಗದರಿದರು: ‘ಅದನ್ನು ಪಂಡಿತರು ಓದುತ್ತಿದ್ದಾರೆ. ಸಣ್ಣವರು ಕಾಯಬೇಕು!’ ನೋಡುತ್ತೇನೆ, ಪಂಡಿತರು ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ನನ್ನ ಕಡೆ ನೋಡಿ ನಗುತ್ತಿದ್ದಾರೆ!

ಇಷ್ಟಕ್ಕೇ ನಿಂತಿದ್ದರೆ ನಾನು ಸುಖವಾಗಿರುತ್ತಿದ್ದೆ. ಆದರೆ ಮಾವ ಪಾಠಕ್ಕೂ ಬರತೊಡಗಿದ. ಚರಿತ್ರೆಯ ಪಾಠವೆಂದರೆ ಅವನಿಗೆ ಪ್ರಾಣ. ಪಾಠ ಹೇಳುತ್ತಿದ್ದವರು ಎತ್ತರದ, ಕೆಂಪು ಮುಖದ ಇಂಗ್ಲೆಂಡಿನ ಪ್ರೊಫೆಸರು. ತರಗತಿಯಲ್ಲಿ ನೂರಕ್ಕೂ ಮಿಕ್ಕಿ ಹುಡುಗರು. ಹಿಂದಿನ ಬೆಂಚಿನಲ್ಲಿ ಕಂಬದ ಮರೆಗೆ ಕೂತವನನ್ನು ಯಾರು ನೋಡಬೇಕು?

‘ಅವರು ಹೇಳೋದು ಒಂದಾದ್ರೂ ಅರ್ಥ ಆಗ್ತೈತಾ ಮಾವ?’

‘ಮಳೆ ಬಂದಾಗ ಅರ್ಥ ಮಾಡ್ಕೊಂಡು ನೆನೀತೀಯೇನಲೇ?’



ಅವನು ಕಲಿತದ್ದು ಎರಡೇ ಇಂಗ್ಲಿಷ್ ಮಾತು: ‘ಪ್ರೆಸೆಂಟ್ ಸರ್.’ ಆ ಎರಡರಿಂದಲೇ ನಮ್ಮ ತಲೆ ಹೋಗುವುದರಲ್ಲಿತ್ತು. ತಂಜಾವೂರಿನವನು ಅಕ್ಕನ ಮದುವೆಗೆಂದು ಊರಿಗೆ ಹೋಗಿದ್ದ. ಪ್ರೊಫೆಸರು ಹಾಜರಿ ಕರೆಯುವಾಗ ಅವನ ಹೆಸರು ಬಂತು. ಉತ್ತರವಿಲ್ಲ. ಎರಡನೆಯ ಸಲ ಕರೆದರು. ಹಿಂದಿನಿಂದ ಗಂಭೀರವಾದ ದನಿಯೊಂದು ‘ಪ್ರೆಸೆಂಟ್ ಸರ್’ ಎಂದಿತು. ತಿರುಗಿ ನೋಡಿದರೆ ಮಾವ!

ಹೊರಗೆ ಬಂದು ಜಗಳಾಡಿದೆ. ಮಾವ ತಣ್ಣಗೆ ಹೇಳಿದ: ‘ಅಷ್ಟು ದೊಡ್ಡ ಮನುಷ್ಯರು ಬಾಯಿತುಂಬ ಕರೀತಾರೆ. ಯಾರೂ ಓ ಅನ್ನಲಿಲ್ಲ ಅಂದ್ರೆ ಅವರಿಗೆ ಎಷ್ಟು ಬೇಜಾರಾಗಬಾರದು?’

ಪ್ರೊಫೆಸರಿಗೆ ಬೇಜಾರಾಗದಂತೆ ಅವನು ಮೂರು ವಾರ ಓ ಎಂದ! ತಂಜಾವೂರಿನವನು ಒಂದು ಬೆಳಿಗ್ಗೆ ಹೇಳದೆ ಕೇಳದೆ ಸ್ಟೇಷನ್ನಿನಿಂದ ನೇರವಾಗಿ ತರಗತಿಗೆ ಬಂದು ಮುಂದಿನ ಬೆಂಚಿನಲ್ಲಿ ಕೂತ. ಹೆಸರು ಕರೆದರು. ಮುಂದಿನಿಂದ ಒಂದು ಕೀರಲು ‘ಪ್ರೆಸೆಂಟ್ ಸರ್’. ಅದೇ ಗಳಿಗೆಗೆ ಹಿಂದಿನಿಂದ ಒಂದು ದಪ್ಪ ‘ಪ್ರೆಸೆಂಟ್ ಸರ್’!

ಪ್ರೊಫೆಸರು ಪೆನ್ನು ಕೆಳಗಿಟ್ಟರು. ಮೆಟ್ಟಿಲು ಹತ್ತಿ ಹಿಂದಿನ ಬೆಂಚಿಗೆ ಬಂದರು. ರುಮಾಲು, ನರೆತ ಮೀಸೆ, ಕೈಬೆರಳಿಗೆ ಅಂಟಿದ ರೇಷ್ಮೆಯ ಬಣ್ಣ, ಎಲ್ಲವನ್ನೂ ನೋಡಿದರು. ನಾನು ಎದ್ದು ನಿಂತು, ‘ನನ್ನ ಮಾವ, ಸರ್’ ಎಂದೆ. ತರಗತಿಯೇ ಹಾರಿಹೋಗುವಂತೆ ನಗು. ಅವರೊಬ್ಬರು ನಗಲಿಲ್ಲ. ಸಾಯಂಕಾಲ ನಾಲ್ಕಕ್ಕೆ ಮೂವರೂ ತಮ್ಮ ಕೋಣೆಗೆ ಬರಬೇಕೆಂದರು.

ಹಾಜರಿಯ ಸರ್ಟಿಫಿಕೇಟು ಸಿಗದಿದ್ದರೆ ನಾವಿಬ್ಬರೂ ಪರೀಕ್ಷೆಗೆ ಕೂರುವ ಹಾಗೇ ಇರಲಿಲ್ಲ. ತಂಜಾವೂರಿನವನು ದಾರಿಯುದ್ದಕ್ಕೂ ಅತ್ತ. ನನಗೆ ಅಳುವುದಕ್ಕೂ ಧೈರ್ಯವಿರಲಿಲ್ಲ.

‘ಈ ಮನುಷ್ಯ ಇಷ್ಟು ದಿನ ನನ್ನ ಪಾಠ ಕೇಳಿ ಏನು ತಿಳಿದುಕೊಂಡ? ಕೇಳು’ ಎಂದರು ಪ್ರೊಫೆಸರು. ಕೇಳಿದೆ.

ಮಾವ ಕೈಕಟ್ಟಿ ನಿಂತು ಹೇಳಿದ: ‘ನನಗೆ ಭಾಷೆ ಬರಲ್ಲ ಬುದ್ಧಿ. ಆದ್ರೆ ನೀವು ಮಾತಾಡ್ತಾ ಮಾತಾಡ್ತಾ ಒಂದೊಂದ್ಸಲ ನಿಲ್ಲಿಸಿ ಕಿಟಕಿ ಕಡೆ ನೋಡ್ತೀರಿ. ಆವಾಗ ಗೊತ್ತಾಗ್ತೈತೆ, ಯಾರೋ ಒಬ್ಬ ಒಳ್ಳೆ ರಾಜ ಸತ್ತ ಅಂತ.’

ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿಗೆ ತಿರುಗಿಸಿದೆ. ಪ್ರೊಫೆಸರು ಕನ್ನಡಕ ತೆಗೆದು ಒರೆಸತೊಡಗಿದರು. ಅಷ್ಟರಲ್ಲಿ ಮಾವನ ಕಣ್ಣು ಗೋಡೆಯ ಮೇಲೆ ತೂಗುಹಾಕಿದ್ದ ಒಂದು ದೊಡ್ಡ ಕಾಗದಕ್ಕೆ ಬಿತ್ತು. ಬಂಡೆಯ ಮೇಲಿನ ಅಕ್ಷರಗಳನ್ನು ಮಸಿಯೊತ್ತಿ ತೆಗೆದ ಪ್ರತಿ ಅದು.

‘ಅರೆ! ಇದು ನಮ್ಮ ಅಕ್ಷರಗುಂಡು!’

ಸಿದ್ದಾಪುರದ ಗುಡ್ಡದ ಬಂಡೆ. ಮಾವನ ತಾಯಿಯ ತವರು ಸಿದ್ದಾಪುರ. ಚಿಕ್ಕಂದಿನಲ್ಲಿ ಅವನು ಅಲ್ಲಿ ದನ ಮೇಯಿಸಿದವನು. ಯಾವ ಗೆರೆಯ ಹತ್ತಿರ ಬಂಡೆ ಬಿರಿದಿದೆ, ಎಲ್ಲಿ ಮಳೆನೀರು ನಿಲ್ಲುತ್ತದೆ ಎಂದು ಬೆರಳಿಟ್ಟು ತೋರಿಸಿದ. ಪ್ರೊಫೆಸರು ಕುರ್ಚಿಯಿಂದ ಎದ್ದೇ ಬಿಟ್ಟರು! ಊರಿನವರು ಆ ಬಂಡೆಯ ಬಗ್ಗೆ ಏನು ಹೇಳುತ್ತಾರೆಂದು ಕೇಳಿದರು.

‘ದನಕ್ಕೆ ಕಾಯಿಲೆ ಬಂದ್ರೆ ಆ ಗುಂಡು ತೊಳೆದು ನೀರು ಕುಡಿಸ್ತೀವಿ ಬುದ್ಧಿ. ವಾಸಿಯಾಗ್ತೈತೆ. ಅದರಾಗೆ ಏನು ಬರೆದೈತೆ?’

‘ಸಾವಿರಾರು ವರ್ಷದ ಹಿಂದಿನ ಒಬ್ಬ ದೊರೆಯ ಮಾತು. ತಂದೆ ತಾಯಿಯ ಮಾತು ಕೇಳಬೇಕು, ನಿಜ ನುಡಿಯಬೇಕು, ಶಿಷ್ಯನಾದವನು ಗುರುವಿಗೆ ಮರ್ಯಾದೆ ಕೊಡಬೇಕು, ಅಂತ’ ಎಂದರು ಪ್ರೊಫೆಸರು.

ನಾನು ಕನ್ನಡದಲ್ಲಿ ಹೇಳಿದೊಡನೆ ಮಾವ ಹಣೆ ಚಚ್ಚಿಕೊಂಡು ನನ್ನ ಕಡೆ ತಿರುಗಿದ. ‘ಅಯ್ಯೋ ಶಿವನೇ! ಅದಕ್ಕೇ ನಮ್ಮೂರ ದನಗಳು ಅಷ್ಟು ಸಾಧು! ಎಲ್ಲಾ ಅವಕ್ಕೇ ಕುಡಿಸಿಬಿಟ್ವಲ್ಲೋ! ನಿನಗೆ ಒಂದು ಲೋಟ ಹಾಕಿದ್ರೆ ಆಗ್ತಿತ್ತಲ್ಲೋ!’

ಪ್ರೊಫೆಸರು ಅಂದು ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ. ತಂಜಾವೂರಿನವನ ಮೂರು ವಾರದ ಹಾಜರಿಯನ್ನು ಹೊಡೆದುಹಾಕಿದರು. ಆದರೂ ಸರ್ಟಿಫಿಕೇಟಿಗೆ ಕೂದಲೆಳೆಯಷ್ಟು ಉಳಿದಿತ್ತು. ಮಾವನಿಗೆ ಹಿಂದಿನ ಬೆಂಚು ಖಾಯಂ ಆಯಿತು, ಜನ್ಮದಲ್ಲಿ ಮತ್ತೆ ‘ಪ್ರೆಸೆಂಟ್’ ಎನ್ನಕೂಡದೆಂಬ ಷರತ್ತಿನ ಮೇಲೆ.

ಪರೀಕ್ಷೆ ಮುಗಿಸಿ ಇಬ್ಬರೂ ಮೊಳಕಾಲ್ಮೂರಿಗೆ ಬಂದೆವು. ಕೆಲವು ವಾರದ ಮೇಲೆ ಫಲಿತಾಂಶದ ಗೆಜೆಟ್ಟು ಬಂತು. ಅದರಲ್ಲಿ ತಂಜಾವೂರಿನವನ ಹೆಸರಿತ್ತು. ನನ್ನ ಹೆಸರಿರಲಿಲ್ಲ.

ಮೂರು ಸಲ ಓದಿದೆ. ಮಾವ, ‘ಅಚ್ಚಿನ ಮೊಳೆ ಉದುರಿರಬೇಕು ಕಣಲೇ’ ಎಂದ. ಅವನಿಗೂ ಆ ಮಾತಿನಲ್ಲಿ ನಂಬಿಕೆಯಿರಲಿಲ್ಲ. ಮನೆಯ ಮುಂದೆ ಬೀದಿಯೆಲ್ಲ ಸೇರಿತ್ತು. ನಮ್ಮ ಬೀದಿಯಿಂದ ಕಾಲೇಜಿಗೆ ಹೋದ ಮೊದಲನೆಯವನು ನಾನು. ಮಾವ ನನ್ನನ್ನು ಹಿಂದೆ ತಳ್ಳಿ ತಾನೇ ಹೊಸ್ತಿಲಲ್ಲಿ ನಿಂತು ಅವ್ವನಿಗೆ ಹೇಳಿದ: ‘ಇಬ್ಬರು ಹೋಗಿದ್ವಿ, ಇಬ್ಬರೂ ಫೇಲಾಗಿದ್ದೀವಿ ಕಣವ್ವ. ನಾನು ದೊಡ್ಡವನು. ಮೊದಲು ನನಗೆ ಬೈದು ಮುಗಿಸು, ಮಿಕ್ಕಿದ್ರೆ ಅವನಿಗೆ.’ ಅವ್ವ ಬೈಯಲು ಬಾಯಿ ತೆರೆದವಳು ನಕ್ಕುಬಿಟ್ಟಳು. ಬೀದಿಯೂ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ಮತ್ತೆ ಮದರಾಸಿಗೆ ಹೋಗುವುದಿಲ್ಲ ಎಂದು ಮನಸ್ಸಿನಲ್ಲೇ ಮುಗಿಸಿಬಿಟ್ಟೆ.

ನಮ್ಮ ಕಡೆಯ ಮಗ್ಗ ನೆಲದಲ್ಲಿ ತೋಡಿದ ಕುಣಿಯ ಮೇಲಿರುತ್ತದೆ. ನೇಯುವವನು ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಮಾರನೆಯ ಬೆಳಿಗ್ಗೆ ಮಾವ ಎತ್ತಲೋ ಹೋಗಿದ್ದಾಗ ನಾನು ಹೋಗಿ ಆ ಕುಣಿಗೆ ಇಳಿದು ಕೂತೆ. ಎಳೆ ಹಾಯಿಸುವ ಲಾಳಿ ಕೈಗೆ ತೆಗೆದುಕೊಂಡೆ. ಓದು ನನಗಲ್ಲ, ಇದೇ ನನ್ನ ಜಾಗ.

ಮಾವ ಬಂದ. ಏನಾದರೂ ಕುಚೇಷ್ಟೆಯ ಮಾತು ಆಡುತ್ತಾನೆಂದು ಕಾದೆ. ಆಡಲಿಲ್ಲ. ಕುಣಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ನನ್ನ ಕೈಯಲ್ಲಿದ್ದ ಲಾಳಿಯನ್ನೇ ನೋಡಿದ.

‘ನಾನು ಇದರೊಳಗೆ ಇಳಿದಾಗ ನನಗೆ ಹನ್ನೊಂದು ವರ್ಷ’ ಎಂದ. ‘ಚಳ್ಳಕೆರೆ ಸ್ಕೂಲಿಗೆ ಸೇರಿ ಮೂರು ದಿನ ಆಗಿತ್ತು. ಅಪ್ಪ ತೀರಿಕೊಂಡ್ರು ಅಂತ ಕರೆಸಿದ್ರು. ನಿಮ್ಮವ್ವ ಇನ್ನೂ ಕೈಕೂಸು. ಮಗ್ಗದ ಮೇಲೆ ಅರ್ಧ ಸೀರೆ ಇತ್ತು. ಅದೊಂದು ಮುಗಿಸಿ ಹೋಗು ಅಂದ್ರು, ಇಳಿದೆ.’

ಅವನು ನನ್ನ ಕೈಯಿಂದ ಲಾಳಿಯನ್ನು ಮೆಲ್ಲಗೆ ಬಿಡಿಸಿಕೊಂಡು ಪಕ್ಕಕ್ಕಿಟ್ಟ.

‘ಯಾರಾದ್ರೂ ಬಂದು ಸಾಕು ಬಾರಪ್ಪ ಅಂತಾರೆ ಅಂತ ಬಾಗಿಲು ನೋಡ್ತಾನೇ ಇದ್ದೆ ಕಣೋ. ಯಾರೂ ಬರಲಿಲ್ಲ.’

ಆಮೇಲೆ ಎದ್ದು ನಿಂತು, ಅಂಚಿಗೆ ಕಾಲೂರಿ, ರೇಷ್ಮೆಯ ಬಣ್ಣ ಹತ್ತಿದ ಆ ಕೈಯನ್ನು ನನ್ನ ಕಡೆ ಚಾಚಿದ.

‘ಬಾ ಮೇಲಕ್ಕೆ.’

ಮುಂದಿನ ವರ್ಷ ನಾನು ಪಾಸಾದೆ. ಈಗ ಪಾಠ ಹೇಳಿಯೇ ಜೀವನ ಮಾಡುತ್ತಿದ್ದೇನೆ. ಅವನ ಕೈಯಲ್ಲಿ ಅಷ್ಟೊಂದು ಬಲವಿತ್ತೆಂದು ಅಂದಿನವರೆಗೂ ನನಗೆ ಗೊತ್ತಿರಲಿಲ್ಲ.