ಏಳನೆಯ ಸ್ಥಾನಕ್ಕಾಗಿ ಹೋರಾಟ

ಸ್ಕಾರ್ವಿಕ್ ಫುಟ್‌ಬಾಲ್ ಸಂಘವು ಈ ಋತುವಿನಲ್ಲಿ ಏಳನೆಯ ಸ್ಥಾನವನ್ನು ಪಡೆಯತಕ್ಕದ್ದು ಎಂದು ಸಂಘದ ವಾರ್ಷಿಕ ಸಭೆ ಸರ್ವಾನುಮತದಿಂದ ನಿರ್ಣಯಿಸಿತು. ಆರನೆಯದಲ್ಲ, ಎಂಟನೆಯದೂ ಅಲ್ಲ. ನಿರ್ಣಯ ಓದಿ ಮುಗಿದ ಕೂಡಲೇ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತರಬೇತುದಾರ ಟೊರ್ಮುಡ್ ಹೆಲ್ನೆಸ್ ಕೂಡ ತಟ್ಟಿದ. ಹಿಂದಿನ ಸಾಲಿನಲ್ಲಿ ಕೂತಿದ್ದ ಅವನಿಗೆ ಸರಿಯಾಗಿ ಕೇಳಿಸಿರಲಿಲ್ಲ. ಮೊದಲನೆಯ ಸ್ಥಾನ ಎಂದುಕೊಂಡಿದ್ದ.

ಮರುದಿನ ಸಂಘದ ಅಧ್ಯಕ್ಷ ಹಾಲ್ವಾರ್ ಬ್ರೆಕ್ಕೆ ಅವನನ್ನು ತನ್ನ ಮೀನಿನ ಕಾರ್ಖಾನೆಗೆ ಕರೆಸಿಕೊಂಡ. ಕಾರ್ಖಾನೆ ಆಟದ ಮೈದಾನಕ್ಕೆ ಅಂಟಿಕೊಂಡೇ ಇದೆ. ಗಾಳಿ ಸಮುದ್ರದ ಕಡೆಯಿಂದ ಬೀಸಿದರೆ ಎದುರಾಳಿ ತಂಡದವರು ಮೂಗು ಮುಚ್ಚಿಕೊಂಡೇ ಆಡುತ್ತಾರೆ. ಹಾಲ್ವಾರ್ ಕಾಫಿ ಬಗ್ಗಿಸಿ, ಕಂದು ಚೀಸ್ ಹಾಕಿದ ವಾಫಲ್ ತಟ್ಟೆಯನ್ನು ಮುಂದೆ ತಳ್ಳಿದ.

"ಏಳನೇದಾ?" ಎಂದ ಟೊರ್ಮುಡ್.

"ಏಳನೇದೇ. ನೆಮ್ಮದಿಯ ಜಾಗ ಕಣಯ್ಯಾ ಅದು. ಮೊದಲ ಎರಡು ತಂಡ ನೇರವಾಗಿ ಮೇಲಿನ ದರ್ಜೆಗೆ ಹೋಗ್ತವೆ. ಆರರ ತನಕ ಇರೋರು ಮೇಲೆ ಹೋಗೋಕೆ ಇನ್ನೊಂದಿಷ್ಟು ಪಂದ್ಯ ಆಡಬೇಕು. ತಳದಲ್ಲಿರೋರು ಕೆಳಗೆ ಬೀಳ್ತಾರೆ. ಏಳನೇದಕ್ಕೆ ಯಾವ ಕಾಟಾನೂ ಇಲ್ಲ."

"ಮೇಲೆ ಹೋದ್ರೆ ಏನಾಗುತ್ತೆ?"

ಹಾಲ್ವಾರ್ ಬಾಗಿಲು ಮುಚ್ಚಿದ. "ಮೇಲೆ ಹೋದ್ರೆ ಹೊಸ ಕ್ರೀಡಾಂಗಣ ಬೇಕು. ಕಾರ್ಖಾನೆ ಜಾಗ ಪುಕ್ಕಟೆ ಕೊಡ್ತೀನಿ ಅಂತ ನಾನು ಊರವರ ಮುಂದೆ ಹೇಳಿಬಿಟ್ಟಿದೀನಿ. ಮೇಯರ್ ಅಮ್ಮ ತಾವೇ ಕಟ್ಟಿಸ್ತೀವಿ ಅಂತ ಹೇಳಿದಾರೆ."

"ಯಾವಾಗ ಹೇಳಿದ್ದು?"

"ನಾವು ಹದಿನಾಲ್ಕನೇ ಸ್ಥಾನದಲ್ಲಿ ಒದ್ದಾಡ್ತಿದ್ದಾಗ. ಆಗ ಯಾರು ಬೇಕಾದ್ರೂ ಏನು ಬೇಕಾದ್ರೂ ಕೊಡಬಹುದಿತ್ತು."

ಇದಲ್ಲದೆ ಜಿಲ್ಲಾಡಳಿತದ್ದೊಂದು ಯೋಜನೆ ಇತ್ತು. ಹೆಸರು 'ಮೇಲೇರುವ ಹಾದಿಯಲ್ಲಿ'. ಮೇಲಿನ ದರ್ಜೆಯ ಕನಸು ಕಾಣುವ ಸಂಘಗಳಿಗೆ ಇದರಿಂದ ವರ್ಷವರ್ಷವೂ ನೆರವು ಸಿಗುತ್ತಿತ್ತು. ನಿಯಮದ ಪ್ರಕಾರ ಸಂಘವು ಹಾದಿಯಲ್ಲಿ ಇರತಕ್ಕದ್ದು. ಹಾದಿ ಮುಗಿಸಿ ಮೇಲೆ ತಲುಪಿದ ಸಂಘ ಫಲಾನುಭವಿಯಾಗಿ ಉಳಿಯುವುದಿಲ್ಲ. ಯೋಜನೆಗೊಂದು ಕಚೇರಿ, ಕಚೇರಿಗೊಬ್ಬ ನಿರ್ದೇಶಕಿ, ನಿರ್ದೇಶಕಿಗೊಂದು ಕಾರು ಇದ್ದವು. ಯೋಜನೆ ಶುರುವಾದಾಗಿನಿಂದ ಒಂದು ಸಂಘವೂ ಮೇಲೆ ತಲುಪಿರಲಿಲ್ಲವಾದ್ದರಿಂದ ಅದನ್ನು ಯಶಸ್ವಿ ಯೋಜನೆ ಎಂದು ಎರಡು ಸಲ ಗೌರವಿಸಲಾಗಿತ್ತು.

ಟೊರ್ಮುಡ್ ವಾಫಲ್ ತಿನ್ನದೆ ಎದ್ದು ಬಂದ. ಹರೆಯದಲ್ಲಿ ಮೇಲಿನ ದರ್ಜೆಯ ತಂಡಕ್ಕೆ ಆಯ್ಕೆಯಾದ ವಾರವೇ ಅವನ ಮೊಣಕಾಲು ಮುರಿದಿತ್ತು. ಆಟಗಾರನಾಗಿ ಹೋಗದಿದ್ದರೇನು, ತರಬೇತುದಾರನಾಗಿಯಾದರೂ ಅಲ್ಲಿಗೆ ಹೋಗಿಯೇ ತೀರುತ್ತೇನೆ ಎಂದು ಅಂದಿನಿಂದ ಹಟ ಹಿಡಿದಿದ್ದ. ಆದರೆ ಸ್ಕಾರ್ವಿಕ್‌ನಲ್ಲಿ ಬೇರೆ ಕೆಲಸ ಎಂದರೆ ಮೀನು ಸೀಳುವುದು. ಅದೂ ಹಾಲ್ವಾರ್‌ನ ಕಾರ್ಖಾನೆಯಲ್ಲೇ.

ಗುರಿ ತಪ್ಪಬಾರದೆಂದು ಸಂಘ ಎಲಿಂಗ್ ಸ್ಟೂರ್ಮೊ ಎಂಬ ಮುಂಚೂಣಿ ಆಟಗಾರನನ್ನು ಕರೆತಂದಿತು. ಮೂರು ವರ್ಷಗಳಿಂದ ಒಂದೇ ಒಂದು ಗೋಲು ಹೊಡೆಯದವನು. ಆಯ್ಕೆಗೆ ಅದೇ ಅರ್ಹತೆ. ಎರಡು ಸಂಘಗಳು ಕೈಬಿಟ್ಟಿದ್ದವು, ಕೂದಲು ಉದುರತೊಡಗಿತ್ತು. ಬಸ್ಸಿನಿಂದಿಳಿದವನೇ ಟೊರ್ಮುಡ್‌ನ ಕೈ ಹಿಡಿದುಕೊಂಡು, "ಕೋಚ್, ನನ್ನ ಮೇಲೆ ನಂಬಿಕೆ ಇಟ್ಟೋರು ನೀವೊಬ್ರೇ" ಎಂದ. ಟೊರ್ಮುಡ್ ಅವನ ಚೀಲ ಎತ್ತಿಕೊಂಡ.

ನಂಬಿಕೆ ಎಂಬುದು ಅಪಾಯಕಾರಿ ವಸ್ತು. ಮೊದಲ ಪಂದ್ಯದಲ್ಲೇ ಎಲಿಂಗ್ ಎರಡು ಗೋಲು ಹೊಡೆದ. ಎರಡನೆಯ ಪಂದ್ಯದಲ್ಲಿ ಮೂರು. ಮೇ ತಿಂಗಳು ಮುಗಿಯುವಷ್ಟರಲ್ಲಿ ಸ್ಕಾರ್ವಿಕ್ ಎರಡನೆಯ ಸ್ಥಾನಕ್ಕೇರಿ ಊರಿಗೆ ಊರೇ ಗಾಬರಿಬಿತ್ತು. ಬೇಕರಿಯ ಮುದುಕಿ ಟೊರ್ಮುಡ್‌ನನ್ನು ತಡೆದು, "ಏನಪ್ಪಾ ಇದು, ನಿನ್ನ ಹುಡುಗ್ರಿಗೆ ಸ್ವಲ್ಪ ಬುದ್ಧಿ ಹೇಳಬಾರ್ದಾ? ನನ್ನ ಮಗ ಕಾರ್ಖಾನೇಲಿ ದುಡೀತಾನೆ" ಎಂದು ಕಣ್ಣೊರೆಸಿಕೊಂಡಳು.

ಯೋಜನೆಯ ನಿರ್ದೇಶಕಿ ಗುನ್ವೋರ್ ಎಯ್ಡೆ ಕಾರಿನಲ್ಲಿ ಧಾವಿಸಿ ಬಂದಳು. ಕೂಡಲೇ 'ಸ್ಥಾನ ಸಂರಕ್ಷಣಾ ಸಮಿತಿ' ರಚನೆಯಾಯಿತು.

"ನೋಡಿ ಟೊರ್ಮುಡ್, ಗೆಲ್ಲಬೇಡಿ ಅಂತ ನಾವು ಯಾವತ್ತೂ ಹೇಳಲ್ಲ. ಹಾಗೆ ಹೇಳೋದು ಅಪರಾಧ," ಎಂದಳು ಗುನ್ವೋರ್. "ಗೆಲ್ಲೋ ಆಸೆ ಬತ್ತಿಹೋಗದ ಹಾಗೆ ನೋಡ್ಕೊಳ್ಳಿ ಅಂತೀವಿ, ಅಷ್ಟೇ. ಗೆದ್ದ ಮೇಲೆ ಆಸೆ ಎಲ್ಲಿರುತ್ತೆ ಹೇಳಿ?"

"ಎಲಿಂಗ್‌ನ ಏನು ಮಾಡಲಿ?"

"ಗೌರವಿಸಿ."

ಅದರಂತೆ ಎಲಿಂಗ್‌ನನ್ನು ಪಂದ್ಯದ ದಿನಗಳಂದೇ ಗ್ರಂಥಾಲಯದ ಹೊಸ ಕಪಾಟು, ದೋಣಿಕಟ್ಟೆಯ ಹೊಸ ದೀಪ ಮುಂತಾದವುಗಳ ಉದ್ಘಾಟನೆಗೆ ಕಳಿಸಲಾಯಿತು. ಅವನು ಬೇಗ ಬೇಗ ಉದ್ಘಾಟಿಸಿ, ಓಡಿ ಬಂದು, ದ್ವಿತೀಯಾರ್ಧದಲ್ಲಿ ಗೋಲು ಹೊಡೆದ. ರಕ್ಷಣಾ ಸಾಲಿಗೆ ಹಾಕಿದರೆ ಅಲ್ಲಿಂದಲೇ ಬಂದು ಹೊಡೆದ. ಕೊನೆಗೆ ಸಮಿತಿಯು ಕೂಲಂಕಷವಾಗಿ ಚರ್ಚಿಸಿ, ಸದರಿ ಆಟಗಾರನನ್ನು ಗೋಲ್‌ಕೀಪರ್ ಹುದ್ದೆಗೆ ನಿಯೋಜಿಸಿತು.

"ಗೋಲ್‌ಕೀಪರಾ?" ಎಂದ ಎಲಿಂಗ್. ಆಮೇಲೆ ಅವನ ಮುಖ ಅರಳಿತು. "ಅಂದ್ರೆ ತಂಡದ ಭಾರವೆಲ್ಲ ನನ್ನ ಮೇಲೇ ಹಾಕ್ತಿದೀರಿ. ನೋಡ್ತಿರಿ ಕೋಚ್, ನಿಮ್ಮ ಮಾನ ಉಳಿಸ್ತೀನಿ."

ಮಾನ ಉಳಿಸಿದ. ಚೆಂಡುಗಳನ್ನೂ ಬಿಡಲಿಲ್ಲ. ಆದರೆ ಮುಂದೆ ಗೋಲು ಹೊಡೆಯುವವರು ಯಾರೂ ಇರಲಿಲ್ಲವಾದ್ದರಿಂದ ಪಂದ್ಯಗಳೆಲ್ಲ ಸೊನ್ನೆ-ಸೊನ್ನೆಯಲ್ಲಿ ಮುಗಿಯುತ್ತ ಹೋದವು. ತಂಡ ಮೆಲ್ಲಮೆಲ್ಲನೆ, ಮರ್ಯಾದೆಯಿಂದ ಇಳಿಯುತ್ತ ಬಂದು ಏಳನೆಯ ಸ್ಥಾನದಲ್ಲಿ ನಿಂತಿತು. ಬೇಕರಿಯ ಮುದುಕಿ ತರಬೇತುದಾರನಿಗೆ ದಾಲ್ಚಿನ್ನಿ ಬನ್ ಪುಕ್ಕಟೆ ಕೊಡತೊಡಗಿದಳು.

ನವೆಂಬರಿನಲ್ಲಿ ಋತುವಿನ ಕೊನೆಯ ಪಂದ್ಯ ಸ್ವಂತ ಮೈದಾನದಲ್ಲಿ, ಲಿಂಗ್‌ಫಾಸ್ ವಿರುದ್ಧ. ಎರಡೂ ತಂಡಗಳ ಅಂಕ ಸಮ. ಗೋಲುಗಳ ಲೆಕ್ಕದಲ್ಲಿ ಲಿಂಗ್‌ಫಾಸ್ ಆರನೆಯದು, ಸ್ಕಾರ್ವಿಕ್ ಏಳನೆಯದು. ಪಂದ್ಯ ಸಮವಾದರೂ ಸಾಕು, ಸ್ಕಾರ್ವಿಕ್‌ಗೆ ಹಬ್ಬ. ತೊಡಕೆಂದರೆ ಲಿಂಗ್‌ಫಾಸ್ ಕೂಡ 'ಮೇಲೇರುವ ಹಾದಿಯಲ್ಲಿ' ಯೋಜನೆಯ ಫಲಾನುಭವಿಯೇ. ಅವರಿಗೂ ಏಳನೆಯ ಸ್ಥಾನವೇ ಬೇಕು, ಅದಕ್ಕಾಗಿ ಅವರು ಸೋಲಲೇಬೇಕು.

ಸೀಟಿ ಊದಿದ ಕೂಡಲೇ ಲಿಂಗ್‌ಫಾಸ್ ಆಟಗಾರರು ಚೆಂಡನ್ನು ತಮ್ಮದೇ ಗೋಲಿನತ್ತ ಅಟ್ಟಿಕೊಂಡು ಹೋದರು. ಸ್ಕಾರ್ವಿಕ್‌ನ ಆಟಗಾರರು ಅವರ ಹಿಂದೆಯೇ ಓಡಿ, ಲಿಂಗ್‌ಫಾಸ್‌ನ ಗೋಲನ್ನು ಪ್ರಾಣ ಒತ್ತೆಯಿಟ್ಟು ಕಾದರು. ನಾಯಕನಂತೂ ಗೋಲುಗೆರೆಯ ಮೇಲೆ ಬಿದ್ದು ಎದೆಯಿಂದ ಚೆಂಡು ತಡೆದ. "ಬಿಡಬೇಡ್ರೋ, ಗೋಲಾಗೋಕೆ ಬಿಡಬೇಡ್ರೋ!" ಎಂದು ಊರವರು ಗಂಟಲು ಹರಿದುಕೊಂಡರು. ಮೈದಾನದ ಇನ್ನರ್ಧ ಪೂರ್ತಿ ಖಾಲಿ. ಅಲ್ಲಿ, ಮಂಜುಮಳೆಯಲ್ಲಿ, ಎಲಿಂಗ್ ಒಬ್ಬನೇ ಕೈಗವಸು ತೊಟ್ಟು, ಎಂದೂ ಬಾರದ ಚೆಂಡಿಗಾಗಿ ಮೊಣಕಾಲು ಬಗ್ಗಿಸಿ ನಿಂತಿದ್ದ.

ವಿರಾಮದಲ್ಲಿ ಅವನು ತರಬೇತುದಾರನನ್ನು ಮೂಲೆಗೆ ಕರೆದ.

"ಕೋಚ್, ಇವರೆಲ್ಲ ಏನು ಆಡ್ತಿದಾರೆ?"

ಟೊರ್ಮುಡ್‌ಗೆ ಸುಳ್ಳು ಹೇಳಿ ಸಾಕಾಗಿತ್ತು. ಹೇಳಿಬಿಟ್ಟ, ಎಲ್ಲವನ್ನೂ.

ಎಲಿಂಗ್ ಕೈಗವಸಿನ ಒದ್ದೆ ಹಿಂಡುತ್ತ ಕೇಳಿಸಿಕೊಂಡ. "ಹಾಗಾದ್ರೆ ನನ್ನನ್ನ ಯಾಕೆ ಕರ್ಕೊಂಡು ಬಂದ್ರಿ?"

"ನೀನು ಗೋಲು ಹೊಡೆಯಲ್ಲ ಅಂತ."

ಎಲಿಂಗ್ ಕೈಗವಸು ಮತ್ತೆ ತೊಟ್ಟುಕೊಂಡ. "ನನ್ನ ಹೆಂಡ್ತಿಗೆ ಹೇಳಬೇಡಿ. ಇವತ್ತು ಆಟ ನೋಡೋಕೆ ಬಂದಿದಾಳೆ," ಎಂದ.

ಟೊರ್ಮುಡ್‌ನ ಮೊಣಕಾಲು ನೋಯತೊಡಗಿತು. "ಕೈಗವಸು ಬಿಚ್ಚು," ಎಂದ. "ಮುಂದೆ ಹೋಗಿ ಆಡು."

ದ್ವಿತೀಯಾರ್ಧದಲ್ಲಿ ಎಲಿಂಗ್‌ನ ಕಾಲಿಗೆ ಚೆಂಡು ಸಿಕ್ಕಿತು. ಲಿಂಗ್‌ಫಾಸ್‌ನವರು ಮದುವೆಗೆ ಬಂದ ನೆಂಟನಿಗೆ ಬಿಡುವಂತೆ ದಾರಿ ಬಿಟ್ಟು ನಿಂತರು. ಅಡ್ಡ ಬಂದವರು ಅವನದೇ ತಂಡದವರು. "ಲೋ ಎಲಿಂಗ್, ಬೇಡ ಕಣೋ!" ಎಂದು ಒಬ್ಬ ಅಂಗಿ ಹಿಡಿದು ಜಗ್ಗಿದ; ಇನ್ನೊಬ್ಬ ಕಾಲಿಗೆ ಜಾರಿದ; ಮೂರನೆಯವನು ಸೊಂಟಕ್ಕೇ ಜೋತುಬಿದ್ದ. ಮೂವರನ್ನೂ ದಾಟಿ, ಗೆರೆಯ ಮೇಲೆ ಕೈಕಾಲು ಹರಡಿ ನಿಂತಿದ್ದ ತನ್ನ ನಾಯಕನ ತಲೆಯ ಮೇಲಿಂದ, ಎಲಿಂಗ್ ಚೆಂಡನ್ನು ಮೂಲೆಗೆ ಬಾಗಿಸಿ ಹೊಡೆದ. ಟೊರ್ಮುಡ್ ತನ್ನ ಜನ್ಮದಲ್ಲಿ ಅಂಥ ಗೋಲು ನೋಡಿರಲಿಲ್ಲ.

ಮೈದಾನವೆಲ್ಲ ಸಾವಿನ ಮನೆಯಂತಾಯಿತು. ಲಿಂಗ್‌ಫಾಸ್ ಆಟಗಾರರು ಮಾತ್ರ ಎಲಿಂಗ್‌ನನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿದರು. ದೂರದಲ್ಲಿ ಒಬ್ಬ ಹೆಂಗಸು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಅಕ್ಕಪಕ್ಕದವರು ಅವಳನ್ನು ದುರುಗುಟ್ಟಿ ನೋಡುತ್ತಿದ್ದರು.

ಹಾಲ್ವಾರ್ ಟೊರ್ಮುಡ್‌ನ ಕೊರಳಪಟ್ಟಿ ಹಿಡಿದ. "ಏನಯ್ಯಾ ಮಾಡಿದೆ? ಆರನೇ ಸ್ಥಾನ! ಮನೆಹಾಳ!"

"ಆಟ ಆಡಿಸಿದೆ," ಎಂದ ಟೊರ್ಮುಡ್. ಒಂದು ಸಂಜೆಯ ಮಟ್ಟಿಗೆ ಅವನು ಎದೆ ಎತ್ತಿ ನಡೆದ.

ಆದರೆ ಗುನ್ವೋರ್ ಎಯ್ಡೆ ಅನುಭವಸ್ಥೆ. ಮರುದಿನವೇ ಸಂಘದ ಪ್ರಕಟಣೆ ಹೊರಬಿತ್ತು:

"ಮೇಲಿನ ದರ್ಜೆಯ ನಿಯಮಾವಳಿಯಂತೆ ಅತಿಥಿ ತಂಡದ ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಹೊರಕ್ಕೆ ತೆರೆಯತಕ್ಕದ್ದು. ನಮ್ಮ ಬಾಗಿಲು ಒಳಕ್ಕೆ ತೆರೆಯುತ್ತದೆಂದು ತಿಳಿಸಲು ವಿಷಾದಿಸುತ್ತೇವೆ. ಬಾಗಿಲು ತಿರುಗಿಸಲು ಪುರಸಭೆಯ ಅನುಮತಿ ಅಗತ್ಯ. ಈ ಬಗ್ಗೆ ಆಮೂಲಾಗ್ರ ಅಧ್ಯಯನ ನಡೆಸುವುದಾಗಿ ಮೇಯರ್ ಅವರು ಭರವಸೆ ನೀಡಿದ್ದಾರೆ. ಆದಕಾರಣ ಸಂಘವು ತನ್ನನ್ನು ತಾನೇ ಅನರ್ಹಗೊಳಿಸಿಕೊಂಡಿದೆ."

ಹೀಗೆ ಸ್ಕಾರ್ವಿಕ್‌ನ ಮೇಲೇರುವ ಅವಕಾಶ ಏಳನೆಯ ಸ್ಥಾನದ ಲಿಂಗ್‌ಫಾಸ್‌ಗೆ ಹೋಯಿತು. ಅಲ್ಲಿಯ ಬಾಗಿಲುಗಳು ದುರದೃಷ್ಟವಶಾತ್ ಹೊರಕ್ಕೇ ತೆರೆಯುತ್ತಿದ್ದವು. ಅವರ ತರಬೇತುದಾರ ದೂರವಾಣಿಯಲ್ಲಿ, "ನಿಮ್ಮ ವಂಶ ಉದ್ಧಾರ ಆಗಲಿ, ಒಂದು ಬಡಗಿ ಕೆಲಸದಲ್ಲಿ ನಮ್ಮನ್ನ ಮುಗಿಸಿಬಿಟ್ರಲ್ಲಾ" ಎಂದು ಗೋಳಾಡಿದ. ಮೇಲೆ ಹೋಗಲು ಆಡಬೇಕಾದ ಹೆಚ್ಚಿನ ಪಂದ್ಯಗಳಲ್ಲಿ ಎದುರಾಳಿಗಳು ಅವರಿಗಿಂತ ಚೆನ್ನಾಗಿ ಸೋತದ್ದರಿಂದ ಲಿಂಗ್‌ಫಾಸ್ ಮೇಲಿನ ದರ್ಜೆಗೆ ಬಡ್ತಿ ಪಡೆಯಿತು.

ಸ್ಕಾರ್ವಿಕ್‌ನಲ್ಲಿ ವಿಜಯೋತ್ಸವ ನಡೆಯಿತು. ಬಂದರಿನಲ್ಲಿ ಬೆಂಕಿ ಹಾಕಿ, ದೊಡ್ಡ ಹಂಡೆಯಲ್ಲಿ ಮೀನಿನ ಸಾರು ಕಾಯಿಸಿದರು. "ನಾವು ಹಾದಿಯಲ್ಲೇ ಇದ್ದೇವೆ!" ಎಂದು ಮೇಯರ್ ಅಮ್ಮ ಘೋಷಿಸಿದರು. ಬಾಗಿಲಿಗೆ ಹೂಮಾಲೆ ಹಾಕಲಾಯಿತು. ಟೊರ್ಮುಡ್ ಮಾಡಿದ್ದು ಎದುರಾಳಿಯನ್ನು ಮೇಲಕ್ಕೆ ಕಳಿಸುವ ದೂರಾಲೋಚನೆಯ ತಂತ್ರವೆಂದು ಸಮಿತಿ ತೀರ್ಮಾನಿಸಿತು. ಹಾಲ್ವಾರ್ ಅವನನ್ನು ಎಲ್ಲರೆದುರು ತಬ್ಬಿಕೊಂಡು ಇನ್ನೈದು ವರ್ಷ ನೀನೇ ಇರಬೇಕೆಂದ. ಅಲ್ಲ ಎನ್ನಲು ಟೊರ್ಮುಡ್ ಬಾಯಿ ತೆರೆದ. ಅಷ್ಟರಲ್ಲಿ ಯಾರೋ ಆ ಬಾಯಿಗೆ ಬೆಣ್ಣೆ ಸವರಿದ ರೊಟ್ಟಿ ಇಟ್ಟರು. ಅವನು ಅಗಿದ.

ಸಾರಿನ ಸಾಲಿನಲ್ಲಿ ಎಲಿಂಗ್ ಬಂದು ಅವನ ಹಿಂದೆ ನಿಂತ.

"ಕೋಚ್, ಗೋಲು ಚೆನ್ನಾಗಿತ್ತಾ?"

"ಚೆನ್ನಾಗಿತ್ತು."

"ಮೆಲ್ಲಗೆ ಹೇಳಿ," ಎಂದ ಎಲಿಂಗ್, ಸುತ್ತ ನೋಡಿ. "ಯಾರಾದ್ರೂ ಕೇಳಿಸ್ಕೊಂಡಾರು."

ಟೊರ್ಮುಡ್ ತಲೆಯಾಡಿಸಿ ಬಟ್ಟಲು ಮುಂದೆ ಚಾಚಿದ. ಸಾರು ಬಡಿಸುತ್ತಿದ್ದವಳು ಇಬ್ಬರಿಗೂ ಮೀನಿನ ಹೋಳು ಒಂದೊಂದು ಹೆಚ್ಚಿಗೆ ಹಾಕಿದಳು.